ಅರಿಶಿನ ಕುಂಕುಮಕ್ಕೆ ಕೊಟ್ಟ ಕನೆಕ್ಷನ್

ಹೋದ ವಾರ ನಮ್ಮ ಬೀದಿಯ ಕಂಬಗಳಿಗೆ ಸುತ್ತಿಕೊಂಡಿದ್ದ ಹಳೆಯ ಕೇಬಲ್ ವೈರುಗಳನ್ನೆಲ್ಲ ಕಡಿದು ಹಾಕಿದರು. ಏಣಿ ಹತ್ತಿದವನೊಬ್ಬ ಮಚ್ಚಿನಿಂದ ಕೊಚ್ಚುತ್ತಿದ್ದ; ಕೆಳಗೆ ನಿಂತವರು ಎಳೆದೆಳೆದು ರಾಶಿ ಹಾಕುತ್ತಿದ್ದರು. ಚಿಂದಿ ಆಯುವವರು ಆ ರಾಶಿಯನ್ನು ಪಕ್ಕದ ಖಾಲಿ ಸೈಟಿಗೆ ಒಯ್ದು, ಒಳಗಿನ ತಾಮ್ರ ಬಿಡಿಸಲು ಬೆಂಕಿ ಹಚ್ಚಿದರು. ಕಪ್ಪು ಹೊಗೆ, ಗಂಟಲು ಕೆರೆಯುವ ನಾತ. ಹೊಲಿಗೆ ಮೆಷಿನ್ ಬಿಟ್ಟು ಎದ್ದೆ, ಬಾಗಿಲಿಗೆ ಬಂದೆ, ಬೈಯಲು ಬಾಯಿ ತೆರೆದೆ. ನನ್ನ ಬಾಯಿ ಎಂಥದ್ದು ಅಂತ ಬೀದಿಗೆಲ್ಲ ಗೊತ್ತು. ಆದರೆ ಇದೇ ನಾತ ಒಂದು ಬೆಳಿಗ್ಗೆ ಕೇಬಲ್ ಅಕ್ಕನ ಮನೆಯ ಮುಂದಿನಿಂದ ಬಂದಿತ್ತು... ಹೊಸಿಲ ಮೇಲೆ ಹಾಗೇ ಕೂತುಬಿಟ್ಟೆ.

ಜೀವನ್ ಬಿಮಾ ನಗರದ ಹಿಂದಿನ ಈ ಹಳೇ ಊರಿಗೆ ನಾವು ಗುಲ್ಬರ್ಗ ಕಡೆಯಿಂದ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಮ್ಮವರು ಗಾರೆ ಕೆಲಸಕ್ಕೆ ಹೋಗುತ್ತಿದ್ದರು, ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ವಠಾರದಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗ ಓನರು ಮೊದಲು ಕೇಳಿದ್ದು, "ಯಾರ್ ಕನೆಕ್ಷನ್ ಮೇಲೆ ಬಂದ್ರಿ?" ಅಂತ. ನಾನು ತಬ್ಬಿಬ್ಬಾದೆ. ನಮ್ಮ ಊರಲ್ಲಿ ಕನೆಕ್ಷನ್ ಅಂದರೆ ಕರೆಂಟು, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನುಷ್ಯರಿಗೂ ಮನುಷ್ಯರಿಗೂ ನಡುವೆ ಇರುವುದಕ್ಕೆ ನಾವು ಸಂಬಂಧ ಅಂತಿದ್ದೆವು, ಬಳಗ ಅಂತಿದ್ದೆವು.

ಇಲ್ಲಿ ಎಲ್ಲಕ್ಕೂ ಅದೊಂದೇ ಮಾತು. ಗ್ಯಾಸಿಗೆ ಕನೆಕ್ಷನ್, ಕಾವೇರಿ ನೀರಿಗೆ ಕನೆಕ್ಷನ್, ಫೋನಿಗೆ ಕನೆಕ್ಷನ್. ಕೆಲಸ ಕೊಡಿಸಿದ ಮೇಸ್ತ್ರಿಯೂ ಕನೆಕ್ಷನ್. ರಾಜಕಾರಣಿಯ ಕಾರಿನ ಹಿಂದೆ ಓಡುವವನಿಗೆ 'ಮೇಲಿನ ಕನೆಕ್ಷನ್' ಇದೆ ಎಂದು ಟೀ ಅಂಗಡಿಯವನು ಕೂಡ ಎದ್ದು ನಿಲ್ಲುತ್ತಿದ್ದ. ಯಾರೋ ಒಬ್ಬಳು ಯಾರೋ ಒಬ್ಬನ ಜೊತೆ ಎರಡು ಸಲ ನಕ್ಕು ಮಾತಾಡಿದರೆ ಅದೂ ಕನೆಕ್ಷನ್ನೇ. ಅದನ್ನು ಹೇಳುವಾಗ ಮಾತ್ರ ನಲ್ಲಿ ಹತ್ತಿರದ ಹೆಂಗಸರು ದನಿ ತಗ್ಗಿಸಿ ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದರು. ಗಂಡಸಿಗೆ ಕನೆಕ್ಷನ್ ಇದ್ದರೆ ಅವನು ದೊಡ್ಡ ಮನುಷ್ಯ. ಹೆಂಗಸಿಗೆ ಇದ್ದರೆ ಅವಳು ಕೆಟ್ಟವಳು. ನಾನು ಕಲಿತ ಮೊದಲ ಇಂಗ್ಲಿಷು ಇದು.

ಆ ಮಾತನ್ನು ದಿನಕ್ಕೆ ಎಲ್ಲರಿಗಿಂತ ಹೆಚ್ಚು ಸಲ ಆಡುತ್ತಿದ್ದವಳು ಕೇಬಲ್ ಅಕ್ಕ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಾನು ಅವಳನ್ನು ಮೊದಲು ನೋಡಿದ್ದೂ ನಲ್ಲಿ ಹತ್ತಿರವೇ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಹೆಗಲಿಗೆ ಕಪ್ಪು ವೈರಿನ ಸುರುಳಿ, ಹಣೆಯಲ್ಲಿ ಅಗಲವಾದ ಕುಂಕುಮ. ಅವಳ ಗಂಡ ತಾರಸಿಯಿಂದ ತಾರಸಿಗೆ ಹಾರಿ ವೈರು ಎಳೆಯುತ್ತಿದ್ದ, ಅವಳು ಕೆಳಗಿನಿಂದ ಸುರುಳಿ ಬಿಚ್ಚಿಕೊಡುತ್ತಿದ್ದಳು. ವೈರಿನ ತುದಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ತೂ ಎಂದು ಉಗಿಯುತ್ತಿದ್ದಳು.

"ಯಾವೂರು ನಿಂದು?" ಎಂದು ಕೇಳಿದಳು. ಹೇಳಿದೆ. "ಸರಿ ಗುಲ್ಬರ್ಗ, ಈ ಬೂಸ್ಟರ್ ಡಬ್ಬಿ ನಿಮ್ ಗೋಡೆ ಮೇಲಿರ್ಲಿ. ಕರೆಂಟು ನಿಮ್ದು, ಸಿಗ್ನಲ್ಲು ನಂದು. ನಿಮಗೆ ಕನೆಕ್ಷನ್ ಫ್ರೀ."

"ಯಕ್ಕಾ, ಅದು ಕರೆಂಟ್ ಹೊಡಿತದೇನು?"

"ಹೊಡೆದ್ರೆ ಹೊಡೀಲಿ. ನಿನ್ ಗಂಡನ್ನ ಮುಟ್ಟೋಕೆ ಕಳ್ಸು, ನೀನ್ ಮುಟ್ಬೇಡ."

ಅವತ್ತಿನಿಂದ ನನ್ನ ಹೆಸರು ಹೋಯಿತು, ನಾನು ಗುಲ್ಬರ್ಗ ಆದೆ. ಆ ಡಬ್ಬಿಯ ಪದ್ಧತಿ ಆಗ ಎಲ್ಲ ಕಡೆ ಇತ್ತು. ದೂರದಿಂದ ಬರುವ ಸಿಗ್ನಲ್ಲು ದಣಿದುಹೋಗುತ್ತದಂತೆ, ನಡುವೆ ಅದಕ್ಕೆ ಬಲ ಕೊಡಲು ಒಂದು ಡಬ್ಬಿ. ಅದು ಯಾರ ಗೋಡೆಯ ಮೇಲಿದೆಯೋ ಅವರ ಮನೆಯ ಕರೆಂಟಿನಿಂದ ಮುಂದಿನ ಮೂವತ್ತು ಮನೆಗೆ ಟೀವಿ. ನಮ್ಮ ಕೋಣೆಯ ಪ್ಲಗ್ಗನ್ನು ನಾನು ಕಿತ್ತರೆ ಮೂವತ್ತು ಮನೆಯ ಧಾರಾವಾಹಿ ನಿಲ್ಲುತ್ತಿತ್ತು. ನನಗಂತೂ ಅದು ದೊಡ್ಡ ಅಧಿಕಾರ ಸಿಕ್ಕಂತಾಗಿತ್ತು.

ಅಕ್ಕ ಈ ಹಳೇ ಊರಿನ ಮಗಳೇ. ಅವಳ ಅಪ್ಪನಿಗೆ ಒಂದು ಕಾಲಕ್ಕೆ ರಾಗಿ ಹೊಲ, ತೆಂಗಿನ ತೋಟ ಎಲ್ಲ ಇತ್ತಂತೆ. ಹೊಲ ಹೋಗಿ ಬಡಾವಣೆ ಆಯಿತು. ಆ ಯಜಮಾನ ಸುಮ್ಮನೆ ಕೂರದೆ ಮನೆಯ ಮೇಲೆ ಡಿಶ್ ಹಾಕಿಸಿ ಸುತ್ತಲಿನ ಬೀದಿಗಳಿಗೆ ಕೇಬಲ್ ಎಳೆದ. ಇಲ್ಲಿನ ಒಕ್ಕಲು ಮನೆಗಳಲ್ಲಿ ಒಂದು ಪದ್ಧತಿ. ಮಗಳಿಗೆ ಪಾಲು ಕೊಡುವುದಿಲ್ಲ, ಆದರೆ ಮದುವೆ ಮಾಡಿ ಕಳಿಸುವಾಗ ಅರಿಶಿನ ಕುಂಕುಮಕ್ಕೆ ಅಂತ ಹೊಲದ ಮೂಲೆಯನ್ನೋ ನಾಲ್ಕು ತೆಂಗಿನ ಮರವನ್ನೋ ಬಿಟ್ಟುಕೊಡುತ್ತಾರೆ. ಗಂಡನ ಮುಂದೆ ಕೈಚಾಚದೆ ಅವಳ ಅರಿಶಿನ ಕುಂಕುಮ ನಡೆಯಲಿ ಅಂತ. ಈ ಅಪ್ಪನ ಹತ್ತಿರ ಹೊಲ ಉಳಿದಿರಲಿಲ್ಲ. ಊರ ಹಿರಿಯರನ್ನು ಕೂರಿಸಿಕೊಂಡು, "ಈ ನಾಲ್ಕು ಬೀದಿ ಕನೆಕ್ಷನ್ ನನ್ ಮಗಳ ಅರಿಶಿನ ಕುಂಕುಮಕ್ಕೆ," ಎಂದುಬಿಟ್ಟ. ಡಿಶ್ಶು, ಮನೆ, ಉಳಿದ ಬೀದಿಗಳು ಎಲ್ಲ ಮಗನಿಗೆ. ಸಿಗ್ನಲ್ಲು ತವರುಮನೆಯಿಂದ ಬರಬೇಕು, ಬೀದಿ ಮಾತ್ರ ಅವಳದು.

"ಬೇರೆಯವ್ರಿಗೆ ತೆಂಗಿನ ಮರ ಕೊಡ್ತಾರೆ, ನಮ್ಮಪ್ಪ ನಂಗೆ ಕರೆಂಟ್ ಕಂಬ ಕೊಟ್ಟ," ಎಂದು ಅಕ್ಕ ಹೇಳಿಕೊಂಡು ನಗುತ್ತಿದ್ದಳು. ಹೆಮ್ಮೆಯೂ ಇತ್ತು. ಆ ನಾಲ್ಕು ಬೀದಿಯಲ್ಲಿ ನಡೆಯುವಾಗ ಅವಳ ನಡಿಗೆಯೇ ಬೇರೆ.

ಅಪ್ಪ ಸತ್ತ. ನೋಡನೋಡುತ್ತ ಆ ಬೀದಿಗಳಲ್ಲಿ ಹೆಂಚಿನ ಮನೆಗಳು ಹೋಗಿ ಮೂರು ಅಂತಸ್ತು, ನಾಲ್ಕು ಅಂತಸ್ತು ಎದ್ದವು. ಅವಳ ತಮ್ಮನ ಕಣ್ಣು ಅಲ್ಲಿಗೆ ಬಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಬೀದಿ ವಾಪಸ್ ಕೊಡಲಿ ಎಂದು ಟೀ ಅಂಗಡಿಯಲ್ಲಿ ಕೂತು ಹೇಳತೊಡಗಿದ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ದಿನ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ನಾನು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅಕ್ಕನ ಗಂಡ. ಹಾಲು ತೆಗೆದುಕೊಂಡು ಈ ಕಡೆ ತಿರುಗಿದ್ದನಷ್ಟೆ, ಸ್ಕೂಟರಿನಲ್ಲಿ ಬಂದ ಇಬ್ಬರಲ್ಲಿ ಹಿಂದೆ ಕೂತವನು ಇಳಿದು ಅಂಗಿಯೊಳಗಿಂದ ಲಾಂಗ್ ತೆಗೆದ, ಮೊಳದುದ್ದದ ಮಚ್ಚು. ಮೊದಲ ಏಟು ಬಲ ಮೊಣಕೈ ಕೆಳಗೆ. ಸೌದೆ ಸೀಳಿದ ಸದ್ದು. ಎರಡನೆಯ ಏಟೂ ಅಲ್ಲಿಗೇ. ತಲೆಗೆ ಹೊಡೆಯಲಿಲ್ಲ, ಹೊಟ್ಟೆಗೆ ಹೊಡೆಯಲಿಲ್ಲ. ವೈರು ಎಳೆಯುವ ಕೈ ಯಾವುದು ಎಂದು ಹೇಳಿ ಕಳಿಸಿದ್ದರು. ಸಾಲಿನಲ್ಲಿದ್ದವರೆಲ್ಲ ಚೆಲ್ಲಾಪಿಲ್ಲಿ. ನಾನು ಕೂಗಿಕೊಂಡದ್ದು ನನಗೇ ಕೇಳಿಸಿದ್ದು ಆಮೇಲೆ.

ಅಕ್ಕ ಓಡಿ ಬಂದಳು. ಅಳಲಿಲ್ಲ. ಹೆಗಲಲ್ಲಿದ್ದ ಕೇಬಲ್ ವೈರನ್ನೇ ಎಳೆದು ಗಂಡನ ತೋಳಿಗೆ ಸುತ್ತಿ ಸುತ್ತಿ ಬಿಗಿದಳು, ರಕ್ತ ನಿಲ್ಲುವ ತನಕ. ಆಟೋದವನು ಸೀಟು ಹಾಳಾಗುತ್ತದೆ ಎಂದು ಗೊಣಗಿದ್ದಕ್ಕೆ ಅವನ ಕಾಲರ್ ಹಿಡಿದು, "ನಾಲಿಗೇಲಿ ನೆಕ್ಕಿ ತೊಳ್ಕೊಡ್ತೀನಿ, ಓಡ್ಸೋ!" ಎಂದಳು. ಹಲಸೂರು ಕಡೆಯ ಆಸ್ಪತ್ರೆಯ ತನಕ ನಾನು ಅವಳ ಗಂಡನ ಕಾಲು ಹಿಡಿದುಕೊಂಡು ಕೂತಿದ್ದೆ. ಕೈ ಉಳಿಯಿತು, ಬೆರಳುಗಳು ಸತ್ತವು.

ಠಾಣೆಗೂ ಅವಳ ಜೊತೆ ನಾನೇ ಹೋದೆ. ನಮ್ಮವರು "ನಮಗ್ಯಾಕ ಬೇಕು ಈ ಉಸಾಬರಿ, ಸುಮ್ನ ಕೂಡು," ಅಂದರು. ಸುಮ್ಮನೆ ಕೂಡುವವಳಾಗಿದ್ದರೆ ನಾನು ನಾನೇ ಆಗುತ್ತಿರಲಿಲ್ಲ. ಬರೆದುಕೊಳ್ಳುತ್ತಿದ್ದ ಪೊಲೀಸಪ್ಪ ಅರ್ಧ ಪುಟ ಬರೆದ ಮೇಲೆ ಕೇಳಿದ. "ಮಾಡ್ಸಿದವ್ನು ಅಂತೀಯಲ್ಲ, ಅವನಿಗೂ ನಿನಗೂ ಏನಮ್ಮ ಕನೆಕ್ಷನ್ನು?"

"ಒಡಹುಟ್ಟಿದ ತಮ್ಮ, ಸಾರ್."

ಅವನು ಪೆನ್ನು ಕೆಳಗಿಟ್ಟ. "ಮೊದ್ಲೇ ಹೇಳ್ಬಾರ್ದಾ? ಮನೆ ವಿಷ್ಯ ಮನೇಲೇ ಮುಗಿಸ್ಕೊಳ್ರಮ್ಮ." ಅಲ್ಲಿಗೆ ಮುಗಿಯಿತು. ಬೇರೆ ಯಾರೋ ಕಡಿಸಿದ್ದರೆ ಅದು ಕೇಸು. ತಮ್ಮ ಕಡಿಸಿದರೆ ಮನೆ ವಿಷಯ. ನಾನು ಹೊರಗೆ ಬಂದು ಠಾಣೆಯ ಮೆಟ್ಟಿಲ ಮೇಲೇ ಅವರ ವಂಶವನ್ನೆಲ್ಲ ಬೈದೆ. ಅಕ್ಕ ನನ್ನ ಬಾಯಿ ಮುಚ್ಚಿಸಿ ಎಳೆದುಕೊಂಡು ಬಂದಳು.

ಆಮೇಲೆ ನಡೆದದ್ದನ್ನು ನಮ್ಮ ಊರ ಕಡೆ ಹೇಳಿದರೆ ಯಾರೂ ನಂಬುವುದಿಲ್ಲ. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ, ಗೌರಿ ಹಬ್ಬ ಬಂತು. ಹಬ್ಬದ ದಿನ ಆ ತಮ್ಮ ಹೊಸ ಪಂಚೆ ಉಟ್ಟು, ಕೈಯಲ್ಲಿ ಬಾಗಿನದ ಮೊರ ಹಿಡಿದು ಅಕ್ಕನ ಬಾಗಿಲಿಗೆ ಬಂದ! ತವರಿನ ಬಾಗಿನ ತಪ್ಪಬಾರದಲ್ಲ. ತಪ್ಪಿದರೆ ಅವನ ಮನೆಗೇ ಕೇಡು. ಒಳಗೆ ಕೈಗೆ ಪಟ್ಟಿ ಸುತ್ತಿಕೊಂಡು ಗಂಡ ಮಲಗಿದ್ದಾನೆ. "ಭಾವ ಹೆಂಗವ್ರೆ?" ಅಂತ ಕೇಳಿದ. ಅಕ್ಕ ಸೆರಗೊಡ್ಡಿ ಮೊರ ಇಸಿದುಕೊಂಡಳು. ಬೇಡ ಅನ್ನುವ ಹಾಗಿರಲಿಲ್ಲ. ಬಾಗಿನ ತಿರಸ್ಕರಿಸಿದರೆ ಗಂಡನ ಆಯಸ್ಸಿಗೆ ಕುಂದು ಅಂತಾರೆ. ಕಡಿಸಿದವನ ಕೈಯಿಂದಲೇ ಗಂಡನ ಆಯಸ್ಸನ್ನು ಪಡೆದುಕೊಂಡಳು. ಅವನು ಹೋದ ಮೇಲೆ ಬಚ್ಚಲಿಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡಳು, ನಾನು ಎಳೆದು ಕೂರಿಸಿದೆ.

ಆ ಬಾಗಿನವೂ ಕಾಯಲಿಲ್ಲ. ಗಂಡ ಒಂದೇ ಕೈಯಲ್ಲಿ ಮತ್ತೆ ತಾರಸಿ ಹತ್ತತೊಡಗಿದ. ಬೇಡ ಅಂದರೆ ಕೇಳಲಿಲ್ಲ. ಬೀದಿ ಕಾಯುವುದು ಗಂಡಸಿನ ಕೆಲಸ ಅಂದುಕೊಂಡಿದ್ದ ಪಾಪ. ಒಂದು ಮಧ್ಯಾಹ್ನ ವಿಮಾನವೊಂದು ತಲೆಯ ಮೇಲೇ ಇಳಿಯುತ್ತಿತ್ತು. ಆಗ ಏರ್‌ಪೋರ್ಟು ಇಲ್ಲೇ ಪಕ್ಕದಲ್ಲಿ. ಆ ಸದ್ದಿನಲ್ಲಿ ಅವನು ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಹಿಡಿದುಕೊಳ್ಳಬೇಕಾದ ಹೊತ್ತಿನಲ್ಲಿ ಬೆರಳು ಮಡಚಲಿಲ್ಲ, ಅಷ್ಟೇ. ಅವನನ್ನು ಕೊಂದದ್ದು ಆ ಲಾಂಗೇ ಎಂದು ನಾನು ಈಗಲೂ ಹೇಳುತ್ತೇನೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ತಮ್ಮನೂ ಬಂದ. ಮುದುಕಿಯರು ಅಕ್ಕನನ್ನು ಕೂರಿಸಿ ಬಳೆ ಒಡೆಯಲು, ಕುಂಕುಮ ಅಳಿಸಲು ಅಣಿಯಾಗುತ್ತಿದ್ದರು. ಅವನು ಹಿರಿಯರ ಕಡೆ ತಿರುಗಿ, ದನಿ ಎತ್ತರಿಸದೆ, ಲೆಕ್ಕಾಚಾರದ ಮಾತಿನಂತೆ ಹೇಳಿದ. "ಅರಿಶಿನ ಕುಂಕುಮಕ್ಕೆ ಅಂತ ಅಪ್ಪ ಕೊಟ್ಟಿದ್ದು. ಈಗ ಕುಂಕುಮನೇ ಹೋಯ್ತಲ್ಲ. ಬೀದಿ ತವರಿಗೆ ವಾಪಸ್ ಬರ್ಬೇಕು, ನ್ಯಾಯ ತಾನೇ?"

ಹಿರಿಯರು ತಲೆಯಾಡಿಸಿದರು. ತಲೆಯಾಡಿಸಿದರು, ನೋಡಿ! ನನಗೆ ಅಲ್ಲೇ ಇದ್ದ ಒನಕೆ ತೆಗೆದುಕೊಂಡು ಒಬ್ಬೊಬ್ಬರ ತಲೆಗೂ ಹಾಕಬೇಕು ಅನಿಸಿತು. ಅಕ್ಕ ಎದ್ದು ನಿಂತಳು. ಅವಳ ಹಣೆಗೆ ಕೈ ಹಾಕಲು ಬಂದ ಮುದುಕಿಯನ್ನು ದೂಡಿದಳು. "ಇದು ಗಂಡ ತಂದು ಇಟ್ಟ ಕುಂಕುಮ ಅಲ್ಲ. ತೊಟ್ಟಿಲಲ್ಲಿದ್ದಾಗ ನಮ್ಮಪ್ಪ ಇಟ್ಟಿದ್ದು. ಇದು ಹೋಗಲ್ಲ, ಬೀದೀನೂ ಹೋಗಲ್ಲ. ಯಾವನಾದ್ರೂ ಮುಟ್ಟಿ ನೋಡ್ಲಿ."

ಮಾರನೆಯ ದಿನ ಗಂಡನ ಎರಡು ಪ್ಯಾಂಟು ತಂದು ನನ್ನ ಮೆಷಿನ್ನಿನ ಮೇಲೆ ಇಟ್ಟಳು. "ಸೊಂಟ ಹಿಡಿದುಕೊಡು ಗುಲ್ಬರ್ಗ." ಹಿಡಿದುಕೊಟ್ಟೆ. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಕೆಳಗೆ ಸತ್ತ ಗಂಡನ ಪ್ಯಾಂಟು ಹಾಕಿಕೊಂಡು, ಹಣೆಯಲ್ಲಿ ಅದೇ ಅಗಲದ ಕುಂಕುಮ ಇಟ್ಟುಕೊಂಡು ಅವಳು ತಾರಸಿ ಹತ್ತಿದಳು. ಬೀದಿ ಬಾಯಿ ಬಿಟ್ಟುಕೊಂಡು ನೋಡಿತು.

ತಮ್ಮ ಅವತ್ತೇ ಸಿಗ್ನಲ್ ಕಿತ್ತ. ಅಕ್ಕ ಮೈಮೇಲಿದ್ದ ಚಿನ್ನ ಮಾರಿ ಹಳೆಯ ಡಿಶ್ಶೊಂದನ್ನು ತರಲು ಶಿವಾಜಿನಗರದ ಗುಜರಿಗೆ ಹೊರಟಳು. ನಾನೂ ಹೋದೆ. ಅಲ್ಲಿ ಅವಳು ಒಬ್ಬನ ಹತ್ತಿರ ಉರ್ದುವಿನಲ್ಲಿ, ಇನ್ನೊಬ್ಬನ ಹತ್ತಿರ ತಮಿಳಿನಲ್ಲಿ ಜಗಳವಾಡಿ, ಇಬ್ಬರಿಂದಲೂ ಚಹಾ ಕುಡಿಸಿಕೊಂಡಳು. ವಾಪಸ್ ಬರುವಾಗ ಕಬ್ಬಿಣದ ಸಾಮಾನಿನ ಅಂಗಡಿಯ ಮುಂದೆ ನಿಂತು ಒಂದು ಮಚ್ಚು ಎತ್ತಿಕೊಂಡು ಹೆಬ್ಬೆರಳಿನಿಂದ ಬಾಯಿ ನೋಡಿದಳು.

"ಎಳ್ನೀರ್ ವ್ಯಾಪಾರನಾ ಅಕ್ಕಾ?" ಅಂದ ಅಂಗಡಿಯವನು.

"ಹೂಂ ಭಾಯ್. ಕಾಯಿ ಸ್ವಲ್ಪ ಗಟ್ಟಿ."

ನಾನು ಬಸ್ಸಿನಲ್ಲಿ ಅವಳ ಪಕ್ಕ ಕೂತು ಮಚ್ಚಿಗೆ ನನ್ನ ಸೆರಗು ಮುಚ್ಚಿದೆ. "ಯಕ್ಕಾ, ಬ್ಯಾಡ. ಬೀದಿ ಹೋದ್ರ ಹೋಗ್ಲಿ, ಜೀವ ಇರ್ಲಿ," ಅಂದೆ. ಅವಳು ಕಿಟಕಿಯಿಂದಾಚೆ ನೋಡುತ್ತ, "ಬೀದಿ ಬಿಟ್ರೆ ನಾನು ಯಾರ್ ಮಗಳು ಹೇಳು," ಅಂದಳು.

ಡಿಶ್ಶನ್ನು ಕೂರಿಸಿದ್ದು ನಮ್ಮ ವಠಾರದ ಮೇಲೆ. ಓನರು ಹೆದರಿದರೂ ಬಾಡಿಗೆಯ ಆಸೆಗೆ ಒಪ್ಪಿದರು. ಅಲ್ಲಿಂದ ಶುರುವಾಯಿತು. ಹಗಲಲ್ಲೇ ತಮ್ಮನ ಹುಡುಗರು ಬಂದು ವೈರು ಕಡಿಯುತ್ತಿದ್ದರು, ಅವಳು ಬಂದು ಜೋಡಿಸುತ್ತಿದ್ದಳು. ಅವರು ಕಲ್ಲು ಹೊಡೆಯುತ್ತಿದ್ದರು, ಅವಳು ತಾರಸಿಯಿಂದ ಇಟ್ಟಿಗೆ ಎಸೆಯುತ್ತಿದ್ದಳು. ಒಬ್ಬನ ಹಲ್ಲು ಹೋಯಿತು. ಅವಳ ಭುಜ ಮುರಿಯಿತು. ಒಂದು ಬೆಳಿಗ್ಗೆ ಅವಳ ಬಾಗಿಲ ಮುಂದೆ ಜೋಡಿಸಿಟ್ಟಿದ್ದ ವೈರಿನ ಸುರುಳಿಗಳಿಗೆಲ್ಲ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ಆ ನಾತ ನಮ್ಮ ಕೋಣೆಯ ಗೋಡೆಯಿಂದ ಎಷ್ಟೋ ದಿನ ಹೋಗಲಿಲ್ಲ... ಬೀದಿಯ ಜನಕ್ಕೆ ಇದಾವುದೂ ಬೇಕಿರಲಿಲ್ಲ. "ನಿಮ್ ಜಗಳದಲ್ಲಿ ನಮ್ಗೆ ಸೀರಿಯಲ್ ಹೋಯ್ತು" ಅಂತ ಅವಳನ್ನೇ ಬೈಯುತ್ತಿದ್ದರು. ಡಿಶ್ ಕೂರಿಸಿಕೊಟ್ಟ ಹಲಸೂರಿನ ಮೆಕ್ಯಾನಿಕ್ಕು ರಿಪೇರಿಗೆ ಬಂದು ಹೋಗುತ್ತಿದ್ದ, ಅವನಿಗೂ ಇವಳಿಗೂ ಕನೆಕ್ಷನ್ ಇದೆ ಎಂದು ತಮ್ಮನ ಕಡೆಯವನೊಬ್ಬ ಟೀ ಅಂಗಡಿಯಲ್ಲಿ ಹಬ್ಬಿಸಿದ. ಅಕ್ಕ ಹೋಗಿ ಮಚ್ಚಿನ ಅಗಲದಿಂದ ಅವನ ಕೆನ್ನೆಗೆ ಬಾರಿಸಿದಳು. "ಇದೆ ಕಣೋ ಕನೆಕ್ಷನ್. ನಾಲ್ಕು ಬೀದಿಗೂ ಇದೆ. ನಿನ್ ಮನೆಗೆ ಇವತ್ತಿಂದ ಕಟ್," ಅಂದಳು. ಕಟ್ ಮಾಡಿಯೂ ಬಿಟ್ಟಳು.

ಮತ್ತೆ ಗೌರಿ ಹಬ್ಬ ಬಂತು. ವಿಧವೆಗೆ ಬಾಗಿನ ಇಲ್ಲ, ತಮ್ಮ ಬರಲಿಲ್ಲ. ಹೊತ್ತು ಏರುವ ತನಕ ಅವಳು ಹೊಸಿಲಲ್ಲಿ ಕೂತಿದ್ದಳು. ಆಮೇಲೆ ಎದ್ದು ಬಂದು, "ಬಾ ಗುಲ್ಬರ್ಗ, ತವರಿಗೆ ಹೋಗೋಣ," ಎಂದಳು. ಯಾಕೆ ಎಂದು ಕೇಳಿದೆ. "ಬಾಗಿನ ಇಸ್ಕೊಳ್ಳೋಕೆ. ಅವನು ಕೈಯಾರೆ ಕೊಟ್ರೆ ಊರಿಗೆಲ್ಲ ಗೊತ್ತಾಗುತ್ತೆ, ನನ್ ಅರಿಶಿನ ಕುಂಕುಮ ಇನ್ನೂ ಇದೆ ಅಂತ. ಆಮೇಲೆ ಬೀದಿ ತಂಟೆಗೆ ಯಾವನ್ ಬರ್ತಾನೆ?" ಅವಳ ಲೆಕ್ಕ ಅಷ್ಟು ಸರಳ. ನಾನು ನಂಬಿದೆ. ಮಚ್ಚು ಅವಳ ಸೊಂಟದಲ್ಲಿತ್ತು, ಆದರೆ ಅದು ಆಗ ದಿನಾ ಇರುತ್ತಿತ್ತು.

ತವರುಮನೆಯ ನಡುಮನೆ ತುಂಬ ಹೆಂಗಸರು. ಗೌರಿಯ ಮುಂದೆ ಸಾಲಾಗಿ ಮೊರಗಳು. ಇವಳು ಒಳಗೆ ಹೋಗಿ ಸೆರಗೊಡ್ಡಿ ನಿಂತಳು. "ನನ್ ಬಾಗಿನ ಎಲ್ಲಿ?" ಎಂದು ಕೇಳಿದಳು. ತಮ್ಮನ ಹೆಂಡತಿ ಹೆದರಿ ಒಂದು ಮೊರ ಎತ್ತಿಕೊಂಡಳು ಕೂಡ. ನಾನು ನೋಡಿದೆ, ಎತ್ತಿಕೊಂಡಿದ್ದಳು, ಕೊಟ್ಟುಬಿಡುತ್ತಿದ್ದಳು. ಅಷ್ಟರಲ್ಲಿ ಅವನು ಹೊರಗಿನಿಂದ ಬಂದ. "ಮುಂಡೇಗೆ ಬಾಗಿನನಾ?" ಎಂದು ಕೂಗಿ, ಅಕ್ಕನ ಜುಟ್ಟು ಹಿಡಿದು, ಇನ್ನೊಂದು ಅಂಗೈಯಿಂದ ಅವಳ ಹಣೆಯನ್ನು ತಿಕ್ಕಿ ತಿಕ್ಕಿ ಒರೆಸಿದ. ಎಲ್ಲರ ಮುಂದೆ. ಗೌರಿಯ ಮುಂದೆ. ಅವಳ ಹಣೆ, ಮೂಗು, ಕೆನ್ನೆ ಎಲ್ಲ ಕೆಂಪಾಯಿತು, ಅವನ ಅಂಗೈಯೂ.

ಮಚ್ಚು ಹೊರಬಂದದ್ದು ನನಗೆ ಕಾಣಲಿಲ್ಲ. ಅವನು ಹಿಂದೆ ಸರಿದು ಬಾಗಿಲ ಚೌಕಟ್ಟಿಗೆ ಆ ಕೆಂಪಾದ ಕೈ ಊರಿದ್ದ, ಏಟು ಅಲ್ಲಿಗೇ ಬಿತ್ತು. ಮೂರು ಬೆರಳು ಹೊಸಿಲಾಚೆ ಬಿದ್ದವು. ಅವನ ಅರಚಾಟ, ಹೆಂಗಸರ ಕೂಗು, ಮೊರಗಳ ಮೇಲೆ ಬಿದ್ದು ಓಡಿದವರು, ಕಾಲಡಿ ಅಕ್ಕಿ ಬೇಳೆ ಬಳೆ ಚೂರು. ಚೌಕಟ್ಟಿನ ಮರಕ್ಕೆ ಸಿಕ್ಕಿಕೊಂಡಿದ್ದ ಮಚ್ಚನ್ನು ಅಕ್ಕ ಕೀಳಲಿಲ್ಲ. ಹಾಗೇ ಬಿಟ್ಟು ನನ್ನ ಕೈ ಹಿಡಿದು ಹೊರಗೆ ನಡೆದಳು. ಮನೆಗೆ ಬಂದು ಮುಖ ತೊಳೆದಳು, ಕನ್ನಡಿ ನೋಡಿಕೊಂಡು ಮತ್ತೆ ಕುಂಕುಮ ಇಟ್ಟುಕೊಂಡಳು.

ಪೊಲೀಸರಿಗಿಂತ ಮೊದಲು ಬಂದವರು ಹಿರಿಯರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಮಾತು ಅವರದು. "ನಮ್ ಮನೆ ಹೆಣ್ಮಗಳು ಜೈಲಿಗೆ ಹೋಗೋದು ಬೇಡಮ್ಮ. ಬೀದಿ ಬಿಟ್ಕೊಡು. ಅವನು ಮೆಷಿನ್ನಿಗೆ ಕೈ ಸಿಕ್ತು ಅಂತ ಬರೆಸ್ತಾನೆ."

ನಾನು ಅವಳ ಕಾಲು ಹಿಡಿದುಕೊಂಡೆ. "ಹೂಂ ಅನ್ನು ಯಕ್ಕಾ, ನಿನ್ನ ದಮ್ಮಯ್ಯ, ಹೂಂ ಅನ್ನು." ಅವಳು ನನ್ನ ತಲೆ ಸವರಿದಳು. ಹಿರಿಯರಿಗೆ ಹೇಳಿದಳು, "ಬೀದಿ ಬಿಡಲ್ಲ. ಕೊಚ್ಚಿದ್ದು ನಾನೇ. ನಾನೇ ಹೋಗಿ ಬರೆಸ್ತೀನಿ." ಹೋದಳು, ಬರೆಸಿದಳು. ಠಾಣೆಯಲ್ಲಿ ಅವನಿಗೂ ನಿನಗೂ ಏನು ಕನೆಕ್ಷನ್ ಎಂದು ಈ ಸಲವೂ ಕೇಳಿದರು, ತಮ್ಮ ಅಂತಲೇ ಹೇಳಿದಳು. ಈ ಸಲ ಪೆನ್ನು ಕೆಳಗಿಡಲಿಲ್ಲ.

ಅವಳು ಜೈಲಿನಲ್ಲಿದ್ದಾಗ ಒಂದೇ ವಾರದಲ್ಲಿ ನಾಲ್ಕು ಬೀದಿಗೂ ತಮ್ಮನ ವೈರು ಬಂತು. ಯಾರೂ ಬೇಡ ಅನ್ನಲಿಲ್ಲ. ಡಿಶ್ಶನ್ನು ವಠಾರದ ಮೇಲಿನಿಂದ ಕೆಳಕ್ಕೆ ತಳ್ಳಿದರು. ನಮ್ಮ ಕೋಣೆಗೆ ವೈರು ಚುಚ್ಚಲು ಬಂದವನನ್ನು ನಾನು ಕತ್ತರಿ ಹಿಡಿದು ಅಟ್ಟಿದೆ. ವರ್ಷಗಟ್ಟಲೆ ನಮ್ಮ ಟೀವಿಯಲ್ಲಿ ಬರೀ ಚುಕ್ಕೆ. ನಮ್ಮವರು ಕ್ರಿಕೆಟ್ ಇದ್ದ ದಿನ ನನ್ನ ಮೇಲೆ ಹಾರಾಡುತ್ತಿದ್ದರು, ಆಮೇಲೆ ಟೀ ಅಂಗಡಿಗೆ ಹೋಗಿ ನೋಡಿ ಬರುತ್ತಿದ್ದರು.

ಕೇಸು ನಿಲ್ಲಲಿಲ್ಲ. ಸಾಕ್ಷಿ ಹೇಳಲು ತಮ್ಮ ಬರಲೇ ಇಲ್ಲ. ಬೇಕಾದದ್ದು ಕೈಗೆ ಬಂದಾಗಿತ್ತಲ್ಲ, ಇನ್ನೇಕೆ ಕೋರ್ಟು. ಹೊರಗೆ ಬಂದ ಅಕ್ಕ ಒಂದು ಮಧ್ಯಾಹ್ನ ನಾಲ್ಕು ಬೀದಿಯಲ್ಲೂ ಒಬ್ಬಳೇ ನಡೆದಳು, ತಲೆಯೆತ್ತಿ ವೈರುಗಳನ್ನು ನೋಡುತ್ತ. ಬಾಗಿಲಲ್ಲಿ ನಿಂತಿದ್ದವರು ಒಳಗೆ ಸರಿದುಕೊಂಡರು. ಆಮೇಲೆ ಅವಳು ಕೆ.ಆರ್. ಪುರದ ಕಡೆ ಕೋಣೆ ಮಾಡಿಕೊಂಡು ಹೋಟೆಲೊಂದರಲ್ಲಿ ತರಕಾರಿ ಹೆಚ್ಚುವ ಕೆಲಸ ಹಿಡಿದಳು. ನಾನು ಹೋದಾಗಲೆಲ್ಲ ಹಣೆಯ ಕುಂಕುಮ ಹಾಗೇ ಇರುತ್ತಿತ್ತು. ಬೀದಿಯ ಮಾತು ಒಂದು ದಿನವೂ ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ, ಕಾಮಾಲೆ ಏರಿ, ತೀರಿಕೊಂಡಳು. ತವರಿಗೆ ಹೇಳಿ ಕಳಿಸಬೇಕು ಅಂದರು ನೆರೆಯವರು. ಸತ್ತ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದಲೇ ಬರಬೇಕಲ್ಲ. ತಮ್ಮ ಬಂದ. ಎರಡು ಬೆರಳಿನ ಕೈಯಲ್ಲಿ ಸೀರೆ ಹಿಡಿದಿದ್ದ. ಹೆಂಗಸರು ಸ್ನಾನ ಮಾಡಿಸಿ, ಆ ಸೀರೆ ಉಡಿಸಿ, ಹಣೆಯ ಹತ್ತಿರ ಬಂದು ನಿಂತರು. ವಿಧವೆಗೆ ಕುಂಕುಮ ಇಡುವುದೋ ಬೇಡವೋ ಎಂದು ಪಿಸುಗುಟ್ಟತೊಡಗಿದರು. ಅವನೇ ಹೇಳಿದ, "ಇಡ್ರಮ್ಮ. ಅಕ್ಕ ಇಟ್ಕೊಳ್ತಿದ್ಲಲ್ಲ, ಇಡಿ. ಈಗೇನು."

ಈಗೇನು! ನನ್ನ ಮೈಯೆಲ್ಲ ಉರಿದುಹೋಯಿತು. ಹೌದು, ಈಗೇನು? ಅಷ್ಟು ಹೊತ್ತಿಗೆ ಒಂದೊಂದು ಮನೆಯ ಮೇಲೂ ಅವರವರದೇ ಸಣ್ಣ ಡಿಶ್ ತಟ್ಟೆ ಬಂದು ಕೂತಿತ್ತು. ಅವನ ಕೇಬಲ್ ಯಾರಿಗೂ ಬೇಡವಾಗಿ, ಡಿಶ್ ಇದ್ದ ಮನೆಯನ್ನು ಕೆಡವಿ ಬಾಡಿಗೆ ಕೋಣೆ ಕಟ್ಟಿಸಿದ್ದ. ಆ ನಾಲ್ಕು ಬೀದಿಗೆ ಕವಡೆ ಕಿಮ್ಮತ್ತಿರಲಿಲ್ಲ. ಅವಳ ಹಣೆಯ ಕುಂಕುಮದಿಂದ ಇನ್ನು ಅವನಿಗೆ ಏನೂ ನಷ್ಟವಿರಲಿಲ್ಲ. ಅದಕ್ಕೇ ಇಡಿ ಎಂದ.

"ಹಿಂದಕ್ಕ ಸರೀರಿ," ಅಂದೆ. ಸರಿಯಲಿಲ್ಲ. ಎದೆಗೆ ಕೈಯಿಟ್ಟು ದೂಡಿದೆ, ಗೋಡೆಗೆ ಹೋಗಿ ತಾಗಿದ. "ನೀವು ಹೇಳಿದ್ದಕ್ಕ ಇಡ್ಲಕತ್ತಿಲ್ಲ. ನಿಮ್ಮ ಅಪ್ಪಣಿ ಅಕಿ ಯಾವತ್ತೂ ಕೇಳಿಲ್ಲ." ನಾನೇ ಇಟ್ಟೆ, ಅವಳು ಇಟ್ಟುಕೊಳ್ಳುತ್ತಿದ್ದಷ್ಟೇ ಅಗಲ. ಹಣೆ ತಣ್ಣಗಿತ್ತು. ಗೋಡೆಯ ಹತ್ತಿರ ಅವನು ಅಳುತ್ತಿದ್ದ. ನಾಟಕವಲ್ಲ, ನಿಜವಾಗಿಯೇ ಅಳುತ್ತಿದ್ದ. ಅದು ನನಗೆ ಇನ್ನೂ ಸಿಟ್ಟು ತರಿಸಿತು. ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ವಠಾರ ಹೋಗಿ ಅಲ್ಲೇ ಎದ್ದ ಕಟ್ಟಡದ ಕೆಳಗಡೆ ಈಗ ನನ್ನದೊಂದು ಹೊಲಿಗೆ ಅಂಗಡಿಯಾಗಿದೆ. ಬಾಡಿಗೆಗೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಪ್ಯಾಂಟು ಆಲ್ಟರ್ ಮಾಡಿಸಲು ಬಂದವರು, "ಆಂಟಿ, ಈ ಬೀದೀಲಿ ನೆಟ್ ಕನೆಕ್ಷನ್ ಯಾರು ಕೊಡ್ತಾರೆ?" ಎಂದು ಕೇಳುತ್ತಾರೆ. ಕೊಡುವವಳು ಸತ್ತುಹೋದಳು ಎನ್ನಬೇಕು ಅನಿಸುತ್ತದೆ. ಗೊತ್ತಿಲ್ಲಪ್ಪ ಅಂತೇನೆ. ಅವರು ಹೋದ ಮೇಲೆ ಪ್ಯಾಂಟಿನ ಸೊಂಟ ಹಿಡಿಯಲು ಕೂರುತ್ತೇನೆ.